ಅಪ್ಪನ ಕಿವುಡುತನಕ್ಕೆ ಮೊದಲು ಒಂದು ತಾರೀಖು ಹಾಕಿಸಿ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿ. ನಮ್ಮ ತಂದೆ ತೆಲಂಗಾಣದ ಗೋದಾವರಿ ಸೀಮೆಯ ಒಂದು ತೆರೆದ ಕಲ್ಲಿದ್ದಲು ಗಣಿಯಲ್ಲಿ ಗುತ್ತಿಗೆದಾರರ ಕೈಕೆಳಗೆ 19 ವರ್ಷ ದುಡಿದರು. ಸಿಡಿಮದ್ದು ತುಂಬುವ ರಂಧ್ರ ಕೊರೆಯುವ ಡ್ರಿಲ್ ಯಂತ್ರದ ಬಳಿ ಅವರ ಕೆಲಸ. ಕೊನೆಯ ಪಗಾರ ತಿಂಗಳಿಗೆ 22,000 ರೂಪಾಯಿ. 2024ರ ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟು ಬಂದರು. 2025ರ ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ಅವರಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಾಯಿತು. ಭಜನೆಯಲ್ಲಿ ತಾಳ ತಪ್ಪತೊಡಗಿದರು. ಈಗ ಭಜನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಆಗ 60 ತುಂಬಿತ್ತು, ಈಗ 61. ಗುತ್ತಿಗೆದಾರರನ್ನು ಕೇಳಿದರೆ, 'ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ. ಕೆಲಸದಲ್ಲಿದ್ದಾಗ ಒಂದು ದಿನವೂ ದೂರು ಹೇಳಲಿಲ್ಲವಲ್ಲ' ಎಂದರು. ಲೆಕ್ಕ ಚುಕ್ತಾ ಮಾಡುವಾಗ ಇನ್ನಾವ ಬಾಕಿಯೂ ಇಲ್ಲ ಎಂಬ ಕಾಗದಕ್ಕೆ ತಂದೆಯ ಸಹಿ ಪಡೆದಿದ್ದಾರೆ. ಕೆಲಸ ಬಿಟ್ಟು 14 ತಿಂಗಳಾಯಿತು. ಈಗ ಏನಾದರೂ ಮಾಡಲು ಬರುತ್ತದೆಯೇ?

ಉತ್ತರ: ಬರುತ್ತದೆ. ಆದರೆ ಈ ಪತ್ರವನ್ನು ನೀವು ಇನ್ನು ಹನ್ನೊಂದು ತಿಂಗಳು ತಡೆದು ಬರೆದಿದ್ದರೆ ನನ್ನ ಉತ್ತರ ಇಷ್ಟು ಗಟ್ಟಿಯಾಗಿ ಇರುತ್ತಿರಲಿಲ್ಲ. ಆದ್ದರಿಂದ ಕಾನೂನಿನ ವಿವರಕ್ಕೆ ಹೋಗುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ವಾರವೇ ತಂದೆಯವರನ್ನು ಕಿವಿ, ಮೂಗು, ಗಂಟಲು ತಜ್ಞರ ಬಳಿ ಕರೆದುಕೊಂಡು ಹೋಗಿ ಶ್ರವಣ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶದ ಹಾಳೆಯಾದ ಆಡಿಯೋಗ್ರಾಂ ಕೈಗೆ ತೆಗೆದುಕೊಳ್ಳಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಆದರೂ ಸರಿ, ಅರ್ಹ ತಜ್ಞರಿರುವ ಬೇರೆಡೆ ಆದರೂ ಸರಿ. ಕೈ ಮುರಿದರೆ ರಕ್ತ ಬರುತ್ತದೆ, ಸಾಕ್ಷಿಗಳು ಇರುತ್ತಾರೆ, ಆ ದಿನದ ತಾರೀಖು ತಾನಾಗಿಯೇ ದಾಖಲಾಗುತ್ತದೆ. ಕಿವುಡುತನಕ್ಕೆ ಹಾಗೆ ಹುಟ್ಟಿದ ದಿನ ಇಲ್ಲ. ಅದಕ್ಕೆ ನಾವೇ ತಾರೀಖು ಹಾಕಿಸಬೇಕು. ನಾನು ನೋಡಿದ ಇಂತಹ ಪ್ರಕರಣಗಳಲ್ಲಿ ಹೆಚ್ಚಿನವು ಸೋತದ್ದು ಕಿವುಡುತನ ಸುಳ್ಳಾಗಿದ್ದಕ್ಕಲ್ಲ, ತಾರೀಖು ಇಲ್ಲದ್ದಕ್ಕೆ.

ಈಗ ಆ ತಾರೀಖು ಏಕೆ ಅಷ್ಟು ಮುಖ್ಯ ಎಂದು ಹೇಳುತ್ತೇನೆ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗಗಳ ಪಟ್ಟಿ ಇದೆ. ಅದರ 'ಬಿ' ಭಾಗದಲ್ಲಿ 'ಶಬ್ದದಿಂದ ಉಂಟಾದ ಶ್ರವಣ ದೋಷ' ಎಂದು ಸ್ಪಷ್ಟವಾಗಿ ಬರೆದಿದೆ. ಅದರ ಎದುರಿಗೆ ಇಂತಹ ಕಾರ್ಖಾನೆ, ಇಂತಹ ಗಣಿ ಎಂದಿಲ್ಲ. ಆ ಅಪಾಯ ಇರುವ ಎಲ್ಲ ಕೆಲಸಗಳೂ ಎಂದಿದೆ. ಒಬ್ಬ ಮಾಲೀಕರ ಬಳಿ ಸತತ ಆರು ತಿಂಗಳು ಅಂತಹ ಕೆಲಸ ಮಾಡುತ್ತಿರುವವರಿಗೆ ಈ ದೋಷ ಬಂದರೆ ಕಾನೂನು ಅದನ್ನು ಅಪಘಾತದ ಗಾಯವೆಂದೇ ಎಣಿಸುತ್ತದೆ. ಅದು ಕೆಲಸದಿಂದ ಬಂದದ್ದಲ್ಲ ಎಂದು ಸಾಧಿಸುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ನಿಮ್ಮ ತಂದೆ ದುಡಿದದ್ದು ಹತ್ತೊಂಬತ್ತು ವರ್ಷ.

ಕೆಲಸ ಬಿಟ್ಟವರ ಮಾತು ಸ್ವಲ್ಪ ಬೇರೆ. ಬಿಟ್ಟ ದಿನದಿಂದ ಎರಡು ವರ್ಷದೊಳಗೆ ರೋಗದ ಲಕ್ಷಣ ಕಾಣಿಸಿಕೊಂಡರೆ, ಲಕ್ಷಣ ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು ಕಾಯ್ದೆಯ 10ನೆಯ ಕಲಮು ಹೇಳುತ್ತದೆ. ಅಲ್ಲಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅಂದರೆ ನಿಮ್ಮ ಮುಂದೆ ಎರಡು ಗಡುವುಗಳಿವೆ. ಲಕ್ಷಣ ವೈದ್ಯಕೀಯವಾಗಿ ದಾಖಲಾಗಲು 2026ರ ಡಿಸೆಂಬರ್. ಜಾತ್ರೆಯ ದಿನಗಳಿಂದ ಎಣಿಸಿದರೆ ಅರ್ಜಿ ಹಾಕಲು 2027ರ ಮಾರ್ಚ್. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ, ಈ ಅರ್ಜಿಗಳನ್ನು ವಿಚಾರಿಸುವ ಆಯುಕ್ತರಿಗೆ ಇದೆ ಎಂಬುದು ನಿಜ. ಅದನ್ನು ನಂಬಿ ಕೂರಬೇಡಿ. ಕೆಲಸ ಬಿಟ್ಟ ಮೇಲೆ ಬಂದ ರೋಗವಾದರೆ, ಅದು ಆ ಕೆಲಸದಿಂದಲೇ ಬಂತು ಎಂದು ತೋರಿಸುವ ಹೊಣೆ ನಮ್ಮ ಕಡೆಗೂ ವಾಲುತ್ತದೆ. ಅದಕ್ಕೇ ಆಡಿಯೋಗ್ರಾಂ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಲ್ಲಿ ಹೊಸ ಕಾನೂನಿನ ಪ್ರಶ್ನೆ ಏಳುತ್ತದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೌಕರರ ಪರಿಹಾರದ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯಕ್ಕೆ ಸೇರಿದೆ. ವೃತ್ತಿಜನ್ಯ ರೋಗಗಳ ಪಟ್ಟಿಯೂ ಅದರ ಮೂರನೆಯ ಅನುಸೂಚಿಯಾಗಿ ಮುಂದುವರಿದಿದೆ. ನಿಮ್ಮ ತಂದೆ ಕೆಲಸ ಬಿಟ್ಟದ್ದೂ ಲಕ್ಷಣ ಕಂಡದ್ದೂ ಅದಕ್ಕಿಂತ ಮೊದಲು. ಹಾಗಾಗಿ ಹಕ್ಕು ಹುಟ್ಟಿದ್ದು ಹಳೆಯ ಕಾಯ್ದೆಯಡಿ ಎಂದೇ ನಾನು ವಾದಿಸುವುದು. ಆದರೂ ಅರ್ಜಿಯಲ್ಲಿ ಎರಡನ್ನೂ ನಮೂದಿಸಲು ನಿಮ್ಮ ವಕೀಲರಿಗೆ ಹೇಳಿ.

'ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ' ಎಂಬ ಮಾತನ್ನು ಕೇಳಿದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ಏಕೆಂದರೆ ವಯಸ್ಸಿನ ಕಿವುಡು ಬೇರೆ, ಡ್ರಿಲ್ಲಿನ ಕಿವುಡು ಬೇರೆ ಎಂಬುದನ್ನು ಅನೇಕ ಸಲ ಒಂದು ಹಾಳೆ ಹೇಳಿಬಿಡುತ್ತದೆ. ನಾನು ವಕೀಲ, ವೈದ್ಯನಲ್ಲ. ಆದರೆ ಈ ಹಾಳೆಯನ್ನು ಓದುವುದನ್ನು ತಜ್ಞರ ಪಕ್ಕದಲ್ಲಿ ಕುಳಿತು ಕಲಿತಿದ್ದೇನೆ. ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಹೊಡೆತಕ್ಕೆ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ದೊಡ್ಡ ಶಬ್ದದ ಹೊಡೆತ ಮೊದಲು ಬೀಳುವುದು 3000ದಿಂದ 6000 ಹರ್ಟ್ಸ್ ನಡುವೆ, ಹೆಚ್ಚಾಗಿ 4000ದ ಆಸುಪಾಸಿನಲ್ಲಿ. ಆಡಿಯೋಗ್ರಾಂನ ಗೆರೆ ಅಲ್ಲಿ ಗುಂಡಿಗೆ ಬಿದ್ದಂತೆ ಇಳಿದು, 8000ದ ಬಳಿ ಮತ್ತೆ ಸ್ವಲ್ಪ ಮೇಲೇಳುತ್ತದೆ. ಎರಡೂ ಕಿವಿಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿ. ವಯಸ್ಸಿನಿಂದ ಬರುವ ಕಿವುಡುತನದ ಗೆರೆ ಹಾಗಲ್ಲ. ಅದು ಇಳಿಜಾರಿನಲ್ಲಿ ಇಳಿಯುತ್ತಲೇ ಹೋಗುತ್ತದೆ, ಮೇಲೇಳುವುದಿಲ್ಲ. ಅರವತ್ತು ದಾಟಿದವರಲ್ಲಿ ಎರಡೂ ಬೆರೆತು ಗುಂಡಿ ಸ್ವಲ್ಪ ತುಂಬಿಕೊಳ್ಳಬಹುದು. ಅದಕ್ಕೆಂದೇ ತಡ ಮಾಡಿದಷ್ಟೂ ಗಣಿಯ ಗುರುತು ಮಾಸುತ್ತದೆ ಎನ್ನುವುದು.

ತಂದೆಯವರು ತಾಳ ತಪ್ಪುವ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ತಾಳದ ಕಿಣಿಕಿಣಿ ಎತ್ತರದ ನಾದ. ಏಕತಾರಿಯ ಗುಂಗು, ದಮ್ಮಡಿಯ ಪೆಟ್ಟು ಕಿವಿಗೆ ಬೀಳುತ್ತಿರುವಾಗಲೂ ತಾಳದ ದನಿ ಮಾತ್ರ ಮಾಯವಾಗುತ್ತದೆ. ಮಾತಿನಲ್ಲೂ ಹೀಗೆಯೇ. 'ಅ', 'ಆ', 'ಉ' ಕೇಳಿಸುತ್ತವೆ. 'ಸ', 'ಶ', 'ಚ' ಬಿದ್ದುಹೋಗುತ್ತವೆ. ಸೊಸೆ 'ಮಾವ, ಸಾರು ಹಾಕಲೇ' ಎಂದರೆ 'ಆರು ಆಕಲೇ' ಎಂಬಂತೆ ಕೇಳಿಸುತ್ತದೆ. ಇಂತಹವರು 'ನನಗೆ ಕೇಳಿಸುತ್ತದೆ, ನೀವೇ ಸರಿಯಾಗಿ ಮಾತನಾಡುವುದಿಲ್ಲ' ಎಂದು ಸಿಟ್ಟಾಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹೆಂಗಸರ, ಮಕ್ಕಳ ದನಿ ಮೊದಲು ಕೈಬಿಡುತ್ತದೆ. ಮೊಮ್ಮಕ್ಕಳಿದ್ದರೆ ಅವರ ಮಾತು ತಂದೆಯವರಿಗೆ ಎಷ್ಟು ತಲುಪುತ್ತಿದೆ ಎಂದು ಗಮನಿಸಿ. ವೈದ್ಯರು ಕೇಳಿದಾಗ ಹೇಳಲು ಬೇಕಾಗುತ್ತದೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇದೆಯೇ, ರಾತ್ರಿ ನಿದ್ದೆ ಕೆಡುತ್ತದೆಯೇ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಕೆಲಸದಲ್ಲಿದ್ದಾಗ ದೂರು ಏಕೆ ಹೇಳಲಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಡ್ರಿಲ್ಲು, ಕಂಪ್ರೆಸರು, ಡಂಪರುಗಳ ನಡುವೆ ಯಾರೂ ಮಾತು ಕೇಳಿಸಿಕೊಂಡು ಕೆಲಸ ಮಾಡುವುದಿಲ್ಲ. ಕೈಸನ್ನೆ, ದೀಪ, ಸೀಟಿ, ಕಿರುಚಾಟ. ಹತ್ತು ಜನ ಕಿರುಚುವ ಕಡೆ ಹನ್ನೊಂದನೆಯವನ ಕಿವುಡು ಗೊತ್ತಾಗುವುದು ಹೇಗೆ? ಊರಿಗೆ ಬಂದು, ಕಟ್ಟೆಯ ಮೇಲೆ ನಾಲ್ಕು ಮಂದಿ ಮೆಲುದನಿಯಲ್ಲಿ ಮಾತನಾಡುವಲ್ಲಿ ಕುಳಿತಾಗಲೇ ಅದು ಬಯಲಿಗೆ ಬರುವುದು. ಶಬ್ದದಿಂದ ಆದ ಹಾನಿ ಶಬ್ದ ನಿಂತ ಮೇಲೆ ಸಾಮಾನ್ಯವಾಗಿ ಮುಂದಕ್ಕೆ ಬೆಳೆಯುವುದಿಲ್ಲ. ಹಾಗಾಗಿ ಊರಿನಲ್ಲಿ ಕಂಡದ್ದು ಗಣಿಯಲ್ಲೇ ಆದದ್ದು. ಈ ಮಾತನ್ನು ತಜ್ಞರು ತಮ್ಮ ಅಭಿಪ್ರಾಯದಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಗುತ್ತಿಗೆದಾರರ ವಾದದ ಬೆನ್ನೆಲುಬು ಅದರಿಂದಲೇ ಮುರಿಯುತ್ತದೆ.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಧನಬಾದಿನಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆ, 1975ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ಎಂಟು ಗಂಟೆಯ ಪಾಳಿಗೆ 85 ಡೆಸಿಬೆಲ್ ಎಚ್ಚರಿಕೆಯ ಮಿತಿ, 90 ಅಪಾಯದ ಮಿತಿ. 115 ಮುಟ್ಟುವ ಜಾಗಕ್ಕೆ ಕಿವಿಗೆ ರಕ್ಷಣೆ ಇಲ್ಲದೆ ಯಾರನ್ನೂ ಬಿಡಬಾರದು. ರಂಧ್ರ ಕೊರೆಯುವ ಯಂತ್ರದ ಬಳಿ 100 ದಾಟುವುದು ಅಪರೂಪವಲ್ಲ. ಆ ಸುತ್ತೋಲೆ ಬಂದು ಐವತ್ತು ವರ್ಷ ಕಳೆದಿದೆ. ತಂದೆಯವರಿಗೆ ಕಿವಿಯ ಬಿರಡೆ ಅಥವಾ ಕಿವಿಗವಸು ಕೊಟ್ಟಿದ್ದರೇ, ಎಂದಿನಿಂದ, ಹರಿದಾಗ ಬದಲಿಸಿದರೇ ಎಂದು ಸಮಾಧಾನವಾಗಿ ಕೇಳಿ. ಕೊಟ್ಟಿದ್ದರೂ ಹಕ್ಕು ಹೋಗುವುದಿಲ್ಲ. ಆದರೆ ಅಪಘಾತದ ಗಾಯಗಳಲ್ಲಿ ರಕ್ಷಣಾ ಸಾಧನ ಬೇಕೆಂದೇ ತೆಗೆದಿಟ್ಟರೆ ಪರಿಹಾರವಿಲ್ಲ ಎಂಬ ಆಕ್ಷೇಪಕ್ಕೆ ಕಾನೂನಿನಲ್ಲಿ ಎಡೆ ಇದೆ. ಅದನ್ನು ಅವರು ಎತ್ತುವ ಮೊದಲೇ ನಿಮಗೆ ನಿಜ ಗೊತ್ತಿರಲಿ ಎಂದಷ್ಟೇ ಕೇಳಿಸುತ್ತಿದ್ದೇನೆ.

ಪರೀಕ್ಷೆಗೆ ಹೋಗುವ ಹಿಂದಿನ ದಿನದಿಂದ ತಂದೆಯವರನ್ನು ಗದ್ದಲದಿಂದ ದೂರ ಇಡಿ. ಹದಿನಾಲ್ಕು ಹದಿನಾರು ಗಂಟೆಯಾದರೂ ಕಿವಿಗೆ ವಿಶ್ರಾಂತಿ ಬೇಕು. ಟ್ರಾಕ್ಟರು, ಹಿಟ್ಟಿನ ಗಿರಣಿ, ಡಿಜೆ ಹತ್ತಿರವೂ ಬೇಡ. ಇಲ್ಲದಿದ್ದರೆ ತಾತ್ಕಾಲಿಕ ಮಂದತೆಯೂ ಸೇರಿ ಫಲಿತಾಂಶ ಕೆಡುತ್ತದೆ, ಎದುರು ಪಕ್ಷಕ್ಕೆ ಬಾಯಿ ಸಿಗುತ್ತದೆ. ಆಡಿಯೋಗ್ರಾಂ ಜೊತೆಗೆ ಮಿದುಳಿನ ಪ್ರತಿಕ್ರಿಯೆ ಅಳೆಯುವ ಬೇರಾ ಪರೀಕ್ಷೆಯನ್ನೂ ಮಾಡಿಸಿ. ಅದರಲ್ಲಿ ರೋಗಿ ಗುಂಡಿ ಒತ್ತಬೇಕಾಗಿಲ್ಲ, ಹೂಂ ಎನ್ನಬೇಕಾಗಿಲ್ಲ. ಹಾಗಾಗಿ 'ನಟಿಸುತ್ತಿದ್ದಾರೆ' ಎನ್ನಲು ಅವಕಾಶ ಬಹಳ ಕಡಿಮೆ. ಹಿಂದೆ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸೂಜಿ ಹಾಕಿಸಿಕೊಂಡಿದ್ದರೆ, ಕಿವಿ ಸೋರುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಆ ಸೂಜಿಯಿಂದಲೂ ಕಿವಿ ಕೆಡುತ್ತದೆ. ನಾವೇ ಹೇಳಿ, ವೈದ್ಯರೇ ಅದನ್ನು ತೂಗಿ ಬರೆದರೆ ಒಂದು ತೂಕ. ಪಾಟಿ ಸವಾಲಿನಲ್ಲಿ ಅವರು ಎಳೆದು ತೆಗೆದರೆ ಇನ್ನೊಂದು.

ನನ್ನದೇ ಒಂದು ಸೋಲನ್ನು ಹೇಳುತ್ತೇನೆ. ವರ್ಷಗಳ ಹಿಂದೆ ಇದೇ ಜಿಲ್ಲೆಯ ಒಂದು ಕಲ್ಲು ಕ್ರಷರ್‌ನ ಕಾರ್ಮಿಕರೊಬ್ಬರ ಪ್ರಕರಣ ನಡೆಸಿದೆ. ಆಡಿಯೋಗ್ರಾಂ ಇತ್ತು. ಆದರೆ ಅದರ ಮೇಲೆ ಪರೀಕ್ಷಿಸಿದವರ ಹೆಸರಿರಲಿಲ್ಲ, ದುಡಿಮೆಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂದು ಯಾರೂ ಬರೆದಿರಲಿಲ್ಲ, ವೈದ್ಯರನ್ನು ಸಾಕ್ಷಿಕಟ್ಟೆಗೆ ಕರೆಸುವುದನ್ನು ನಾನು ಹಗುರವಾಗಿ ಎಣಿಸಿದ್ದೆ. ಆ ಮನುಷ್ಯ ನ್ಯಾಯಾಲಯದಲ್ಲಿ ತನ್ನ ಹೆಸರು ಕೂಗಿದ್ದನ್ನೇ ಕೇಳಿಸಿಕೊಳ್ಳಲಾಗದೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅರ್ಜಿ ವಜಾ ಆಯಿತು. ಅಂದಿನಿಂದ ನಾನು ಮೊದಲು ವೈದ್ಯರನ್ನು ಕಂಡು, ಆಮೇಲೆ ಅರ್ಜಿ ಬರೆಯುತ್ತೇನೆ.

ದುಡಿಮೆಯ ಸಾಮರ್ಥ್ಯ ಎಂದೆನಲ್ಲ, ಅದನ್ನು ಅಂಗವೈಕಲ್ಯದ ಪ್ರಮಾಣದೊಂದಿಗೆ ಬೆರೆಸಬೇಡಿ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗಾಗಿ ಆಸ್ಪತ್ರೆಯಲ್ಲಿ ಕೊಡುವ ಶೇಕಡಾವಾರು ಬೇರೆ, ಪರಿಹಾರಕ್ಕೆ ಬೇಕಾದ ಶೇಕಡಾವಾರು ಬೇರೆ. ಪರಿಪೂರ್ಣ ಕಿವುಡುತನವನ್ನು ಕಾಯ್ದೆಯ ಮೊದಲ ಅನುಸೂಚಿ ಶೇಕಡಾ 100 ಎಂದು ಎಣಿಸುತ್ತದೆ. ಅರೆ ಕಿವುಡಿಗೆ ಅರ್ಹ ವೈದ್ಯರೇ ಗಳಿಕೆಯ ನಷ್ಟವನ್ನು ಅಂದಾಜಿಸಿ ಬರೆಯಬೇಕು. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಬಡಗಿಯ ಕೆಲಸ ಇನ್ನು ಸಾಧ್ಯವಿಲ್ಲ ಎಂಬ ಕಾರಣಕ್ಕೆ ಅದನ್ನು ಪೂರ್ಣ ನಷ್ಟವೆಂದೇ ಎಣಿಸಿದ್ದನ್ನು ಸುಪ್ರೀಂ ಕೋರ್ಟ್ 1975ರಲ್ಲಿ ಎತ್ತಿಹಿಡಿಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ಇಂದಿಗೂ ಎಲ್ಲ ಕಡೆ ಉಲ್ಲೇಖಿಸುತ್ತಾರೆ. ಹಿಂದಕ್ಕೆ ಬರುವ ಡಂಪರಿನ ಎಚ್ಚರಿಕೆ ಸದ್ದು ಕೇಳದವರನ್ನು, ಸಿಡಿತದ ಮುನ್ನ ಊದುವ ಸೈರನ್ ಕೇಳದವರನ್ನು ಗಣಿಯೊಳಗೆ ಯಾರು ನಿಲ್ಲಿಸಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ವೈದ್ಯರ ಮುಂದೆಯೂ ಆಯುಕ್ತರ ಮುಂದೆಯೂ ಇಡಬೇಕು.

ಲೆಕ್ಕ ಹೀಗಿದೆ. ಪಗಾರ 22,000 ಇದ್ದರೂ 2020ರ ಜನವರಿಯಿಂದ ಕಾಯ್ದೆ ಪರಿಗಣಿಸುತ್ತ ಬಂದ ಗರಿಷ್ಠ ಮಾಸಿಕ ವೇತನ 15,000. ಶಾಶ್ವತ ಪೂರ್ಣ ಅಸಮರ್ಥತೆಗೆ ಅದರ ಶೇಕಡಾ 60, ಅಂದರೆ 9,000. ವಯಸ್ಸಿಗೆ ತಕ್ಕಂತೆ ಕಾಯ್ದೆ ಗೊತ್ತುಪಡಿಸಿದ ಗುಣಕಾಂಶ ಅರವತ್ತು ತುಂಬಿದವರಿಗೆ 117.41. ಗುಣಿಸಿದರೆ 10,56,690 ರೂಪಾಯಿ. ಗಳಿಕೆಯ ನಷ್ಟ ಶೇಕಡಾ 30 ಎಂದು ತೀರ್ಮಾನವಾದರೆ 3,17,007. ಬಾಕಿಯಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಸರಳ ಬಡ್ಡಿ, ತಡಕ್ಕೆ ಸಮರ್ಥನೆ ಇಲ್ಲದಿದ್ದರೆ ಮೇಲೆ ಶೇಕಡಾ 50ರವರೆಗೆ ದಂಡ.

ಸಹಿ ಹಾಕಿದ ಕಾಗದದ ಬಗ್ಗೆ ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವುದೇ ಒಪ್ಪಂದ ಅಷ್ಟರ ಮಟ್ಟಿಗೆ ಶೂನ್ಯ ಎಂದು ಕಾಯ್ದೆಯ 17ನೆಯ ಕಲಮು ಹೇಳುತ್ತದೆ.

ಗುತ್ತಿಗೆದಾರರೊಬ್ಬರನ್ನೇ ಹಿಡಿದು ಕೂರಬೇಡಿ. ಅವರು ಇಂದು ಒಂದು ಗಣಿಯಲ್ಲಿ, ನಾಳೆ ಇನ್ನೊಂದರಲ್ಲಿ. ತನ್ನದೇ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನೂ ಪರಿಹಾರಕ್ಕೆ ಹೊಣೆ ಎಂದು 12ನೆಯ ಕಲಮು ಹೇಳುತ್ತದೆ. ಕೊಟ್ಟ ಹಣವನ್ನು ಅವರು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಲಿ. ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡಿ. ಅರ್ಜಿಗಾಗಿ ಗೋದಾವರಿ ತೀರಕ್ಕೆ ಓಡಾಡಬೇಕಾಗಿಯೂ ಇಲ್ಲ. ಅರ್ಜಿದಾರರು ವಾಸವಿರುವ ಕಡೆಯೇ ಸಲ್ಲಿಸಲು 21ನೆಯ ಕಲಮು ಅವಕಾಶ ಕೊಡುತ್ತದೆ. ಕರ್ನಾಟಕದಲ್ಲಿ ಆಯುಕ್ತರ ಅಧಿಕಾರವನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ನಿರ್ವಹಿಸುತ್ತ ಬಂದಿದ್ದಾರೆ. ಮೇಲ್ಮನವಿಯ ಹಂತ ಬಂದರೆ ಹೈಕೋರ್ಟಿನ ಪೀಠ ನಮ್ಮ ಕಲಬುರಗಿಯಲ್ಲೇ ಇದೆ. ಆದೇಶದ ಮೊತ್ತವನ್ನು ಠೇವಣಿ ಇಡದೆ ಮಾಲೀಕರು ಮೇಲ್ಮನವಿ ಹಾಕುವಂತಿಲ್ಲ ಎಂಬುದು ಬಡವರಿಗೆ ದೊಡ್ಡ ಆಸರೆ.

ಕೆಲಸ ಮಾಡಿದ್ದೇ ಇಲ್ಲ ಎಂದು ಅವರು ಹೇಳಿದರೆ ಏನು ತೋರಿಸುತ್ತೀರಿ? ಕಲ್ಲಿದ್ದಲು ಗಣಿ ಭವಿಷ್ಯನಿಧಿಯ ಖಾತೆ, ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಗಣಿಯ ಗೇಟ್ ಪಾಸ್, ವೃತ್ತಿ ತರಬೇತಿ ಕೇಂದ್ರದ ಪ್ರಮಾಣಪತ್ರ. ಕಡೆಯದನ್ನು ಗಣಿಯವರು ವಿಟಿಸಿ ಎನ್ನುತ್ತಾರೆ. ಟ್ರಂಕಿನಲ್ಲಿ ಎಲ್ಲೋ ಇರುತ್ತದೆ, ಹುಡುಕಿ. ಗಣಿ ಕಾರ್ಮಿಕರನ್ನು ಸೇರುವಾಗಲೂ ನಿಯಮಿತ ಅವಧಿಗೂ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿ 'ಓ' ನಮೂನೆಯಲ್ಲಿ ದಾಖಲಿಸಬೇಕೆಂದು ಗಣಿ ನಿಯಮಗಳಿದ್ದವು. ಗಣಿ ಸರ್ಕಾರಿ ಕಂಪನಿಯದಾಗಿದ್ದರೆ ತಂದೆಯವರ ಹೆಸರಿನಲ್ಲೇ ಮಾಹಿತಿ ಹಕ್ಕಿನಡಿ ಆ ನಮೂನೆಗಳ ನಕಲು ಕೇಳಿ. ಸೇರುವಾಗ ಕಿವಿ ಚೆನ್ನಾಗಿತ್ತು ಎಂದು ಅವರದೇ ವೈದ್ಯರು ಬರೆದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಂಗತಿ ಅನೇಕ ವೈದ್ಯರಿಗೂ ನೆನಪಿರುವುದಿಲ್ಲ. ಶಬ್ದದಿಂದ ಬಂದ ಶ್ರವಣ ನಷ್ಟ ಗಣಿಗಳ ಅಧಿಸೂಚಿತ ರೋಗ. ಗಣಿಯಲ್ಲಿ ದುಡಿಯುತ್ತಿರುವ ಅಥವಾ ಹಿಂದೆ ದುಡಿದ ವ್ಯಕ್ತಿಗೆ ಅದು ಇದೆ ಎಂದು ಅನ್ನಿಸಿದರೆ ಚಿಕಿತ್ಸೆ ನೀಡುವ ವೈದ್ಯರು ಗಣಿಗಳ ಮುಖ್ಯ ನಿರೀಕ್ಷಕರಿಗೆ ಲಿಖಿತ ವರದಿ ಕಳುಹಿಸಬೇಕೆಂದು 1952ರ ಗಣಿ ಕಾಯ್ದೆ ಹೇಳಿತ್ತು. ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ವೈದ್ಯರ ಮೇಲಿನ ಆ ಹೊಣೆಯನ್ನು ಉಳಿಸಿಕೊಂಡಿದೆ. ವಿನಯದಿಂದ ಕೇಳಿ, ಬರೆಸಿಕೊಳ್ಳಿ.

ಈ ಉತ್ತರವನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಆದರೆ ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟಿಗೆ ಸುಣ್ಣಕಲ್ಲು ತೆಗೆಯುತ್ತಾರೆ. ಶಹಾಬಾದಿನಲ್ಲಿ ಫರಸಿ ಕೊಯ್ದು ಹೊಳಪು ಕೊಡುತ್ತಾರೆ. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಇಡೀ ಪಾಳಿ ಯಂತ್ರದ ಪಕ್ಕ ನಿಲ್ಲುತ್ತಾರೆ. ಅವರ ಕಿವಿಗಳೂ ಕಿವಿಗಳೇ. ಕಾರ್ಖಾನೆಯಲ್ಲಿದ್ದು ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ಚೀಟಿ ಇರುವವರಿಗೆ ದಾರಿ ಬೇರೆ: ಅವರು ಆಯುಕ್ತರ ಬಳಿಗೆ ಹೋಗುವಂತಿಲ್ಲ, ಇಎಸ್‌ಐ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು, ಅಲ್ಲಿ ಒಂದೇ ಗಂಟಿನ ಬದಲು, ಗಳಿಕೆಯ ನಷ್ಟಕ್ಕೆ ತಕ್ಕಂತೆ ಜೀವನಪೂರ್ತಿ ಮಾಸಿಕ ಹಣ ಸಿಗುತ್ತದೆ. ಗಣಿಗಳು ಇಎಸ್‌ಐ ಕಾಯ್ದೆಯ ಹೊರಗಿದ್ದವು, ಆದ್ದರಿಂದ ನಿಮ್ಮ ತಂದೆಗೆ ಪರಿಹಾರ ಕಾಯ್ದೆಯೇ ದಾರಿ.

ಆಡಿಯೋಗ್ರಾಂ ಬಂದ ದಿನವೇ ಗುತ್ತಿಗೆದಾರರಿಗೂ ಗಣಿಯ ವ್ಯವಸ್ಥಾಪಕರಿಗೂ ನೋಟಿಸ್ ಕಳುಹಿಸಿ. ಉದ್ದ ಬೇಡ. ಹೆಸರು, ವಿಳಾಸ, ಯಾವ ಯಂತ್ರದ ಮೇಲೆ ಎಂದಿನಿಂದ ಎಂದಿನವರೆಗೆ ದುಡಿದದ್ದು, ಶ್ರವಣ ದೋಷ ಯಾವ ದಿನ ಪತ್ತೆಯಾಯಿತು, ಅದು ಶಬ್ದದಿಂದ ಬಂದದ್ದೆಂದು ವೈದ್ಯರು ಹೇಳಿದ್ದು, ಪರಿಹಾರ ಕೋರುತ್ತಿರುವುದು, ಇಷ್ಟು ಸಾಕು. ತಲುಪಿದ್ದಕ್ಕೆ ಸಹಿಯ ರಸೀದಿ ಬರುವಂತೆ ಅಂಚೆಯಲ್ಲಿ ಕಳುಹಿಸಿ, ನಕಲನ್ನೂ ರಸೀದಿಯನ್ನೂ ಒಂದೇ ಕಡೆ ಪಿನ್ ಹಾಕಿಡಿ. ಅವರ ಖರ್ಚಿನಲ್ಲಿ ಅವರ ವೈದ್ಯರ ಬಳಿ ಪರೀಕ್ಷೆಗೆ ಕರೆದರೆ ಹೋಗಿ; ನಿರಾಕರಿಸಿದರೆ ಹಕ್ಕು ಅಮಾನತಿನಲ್ಲಿ ಉಳಿಯುತ್ತದೆ. ತಂದೆಯವರೊಬ್ಬರನ್ನೇ ಮಾತ್ರ ಕಳುಹಿಸಬೇಡಿ, ಏನು ಕೇಳಿದರು, ಏನು ಬರೆದುಕೊಂಡರು ಎಂಬುದು ಅವರಿಗೆ ಕೇಳಿಸಿರುವುದಿಲ್ಲ.

ಹೇಳಿಕೆ ಬರೆಸುವ ದಿನ ತಂದೆಯವರ ಎದುರಿಗೆ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ಕಿರುಚಬೇಡಿ, ಇಂತಹ ಕಿವಿಗಳಿಗೆ ಜೋರಾದ ಸದ್ದು ನೋವು ಕೊಡುತ್ತದೆ. ನಿಧಾನವಾಗಿ, ತುಟಿ ಕಾಣುವಂತೆ, ಒಂದೊಂದೇ ಯಂತ್ರದ ಹೆಸರು ಕೇಳಿ, ಅದರ ಪಕ್ಕದಲ್ಲಿ ಎಷ್ಟು ವರ್ಷ ನಿಂತಿದ್ದರು ಎಂದು ಬರೆದುಕೊಳ್ಳಿ.